ನಮ್ಮ ವಿಶ್ವವಿದ್ಯಾಲಯಕ್ಕೆ ಯಾವ ಎಲ್‌ಎಂಎಸ್? ಓಪನ್ ಸೋರ್ಸ್ ಆಯ್ಕೆಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಕೋವಿಡ್ ರಜೆ ಮುಗಿದು ತರಗತಿಗಳು ಮತ್ತೆ ಶುರುವಾದಾಗ ನಮ್ಮ ಕಾಲೇಜಿನಲ್ಲಿ ಹಿಂದಿನ ಸೆಮಿಸ್ಟರ್‌ನ ಅರ್ಥಶಾಸ್ತ್ರದ ಒಂದು ಪಾಠವೂ ಕೈಗೆ ಸಿಗಲಿಲ್ಲ. ಪಾಠ ಮಾಡಿದ್ದ ಅತಿಥಿ ಉಪನ್ಯಾಸಕರು ಬೇರೆ ಊರಿಗೆ ಹೋಗಿದ್ದರು. ವಿಡಿಯೋಗಳು ಅವರ ಸ್ವಂತ ಗೂಗಲ್ ಖಾತೆಯಲ್ಲಿದ್ದವು, ನೋಟ್ಸ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲೋ ಮೇಲೆ ಹೂತುಹೋಗಿತ್ತು. ಅವರದೇನೂ ತಪ್ಪಿಲ್ಲ. ಅಷ್ಟು ಶ್ರಮಪಟ್ಟು ಮಾಡಿದ್ದನ್ನು ಇಡುವುದಕ್ಕೆ ಸಂಸ್ಥೆ ಅವರಿಗೊಂದು ಜಾಗವನ್ನೇ ಕೊಟ್ಟಿರಲಿಲ್ಲ.

ಅಂದಿನಿಂದ ಕಾಲೇಜಿನ ಕಲಿಕಾ ತಾಣವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಪಾಠ, ಅಸೈನ್‌ಮೆಂಟ್, ಅಂಕಗಳನ್ನೆಲ್ಲ ಒಂದೇ ಕಡೆ ಇಟ್ಟು ಇಂಥ ತಾಣ ನಡೆಸುವ ತಂತ್ರಾಂಶವೇ ಎಲ್‌ಎಂಎಸ್ (ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಮ್). ಅದರ ಕೋಡ್ ಯಾರು ಬೇಕಾದರೂ ನೋಡಿ ಬದಲಿಸುವಂತೆ ಮುಕ್ತವಾಗಿದ್ದರೆ ಅದು ಓಪನ್ ಸೋರ್ಸ್. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಬೇರೆ ಕಾಲೇಜುಗಳ ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಯಾವುದು ಚಲೋ ಐತಿ? ಮೂಡಲ್ಲಾ, ಬೇರೆಯದಾ?" ಮೂಡಲ್ ಅಂಥ ಒಂದು ಓಪನ್ ಸೋರ್ಸ್ ಎಲ್‌ಎಂಎಸ್. ಇಲ್ಲಿ ನೌಕರಿ ತಾತ್ಕಾಲಿಕ, ಏಜೆನ್ಸಿ ಗುತ್ತಿಗೆ ವರ್ಷದ್ದು, ಪಠ್ಯಕ್ರಮ ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಹೀಗಿರುವಾಗ ಇಂದು ಅಳವಡಿಸಿದವರು ನಾಳೆ ಇಲ್ಲದಿದ್ದರೂ ನಡೆಯುವಂಥದ್ದನ್ನು ಆರಿಸಬೇಕು. ಕೆಳಗಿನ ಹೆಜ್ಜೆಗಳನ್ನೆಲ್ಲ ಇದೊಂದನ್ನೇ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಮೊದಲ ಹೆಜ್ಜೆ: ಕೆಲಸದ ಪಟ್ಟಿ

ಎಲ್‌ಎಂಎಸ್ ಆರಿಸಲು ಮಾಡಿದ ಸಮಿತಿಯ ಮೊದಲ ಸಭೆಯಲ್ಲಿ ತಂತ್ರಾಂಶದ ಹೆಸರು ಎತ್ತಬೇಡಿ. ಹರಿಹರದ ಕಾಲೇಜಿನಲ್ಲಿ ಬಿ.ಕಾಂ. ಪಾಠ ಮಾಡುವ ಮೇಡಂ ಒಬ್ಬರನ್ನೂ ದಾವಣಗೆರೆ ವಿಶ್ವವಿದ್ಯಾಲಯದ ಆವರಣವಾದ ಶಿವಗಂಗೋತ್ರಿಯಲ್ಲಿ ಎಂ.ಎಸ್ಸಿ. ಪಾಠ ಮಾಡುವ ಪ್ರಾಧ್ಯಾಪಕರೊಬ್ಬರನ್ನೂ ಕರೆದು, ಒಂದು ವಾರದಲ್ಲಿ ಏನೇನು ಮಾಡುತ್ತೀರಿ ಎಂದು ಕೇಳಿ ಬರೆದುಕೊಳ್ಳಿ. ನೋಟ್ಸ್ ಕೊಡುವುದು, ಅಸೈನ್‌ಮೆಂಟ್ ತೆಗೆದುಕೊಳ್ಳುವುದು, ಕಿರುಪರೀಕ್ಷೆ, ಆಂತರಿಕ ಅಂಕ ಕೂಡಿಸುವುದು, ಯಾರು ಒಪ್ಪಿಸಿಲ್ಲ ಎಂದು ಹುಡುಕುವುದು. ಬಹುಪಾಲು ಪಟ್ಟಿ ಇಷ್ಟರಲ್ಲೇ ಮುಗಿಯುತ್ತದೆ.

ಏನು ಬೇಡ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶಗಳಿಗೆ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಈಗಾಗಲೇ ಯುಯುಸಿಎಂಎಸ್ ಎಂಬ ಏಕೀಕೃತ ಆಡಳಿತ ತಂತ್ರಾಂಶ ಬಳಸುತ್ತಿವೆ. ಎಲ್‌ಎಂಎಸ್ ಆ ಕೆಲಸಕ್ಕಲ್ಲ. ಶುಲ್ಕ, ಹಾಸ್ಟೆಲ್, ಸಂಬಳ ಎಲ್ಲವನ್ನೂ ಒಂದರಲ್ಲೇ ಮಾಡಿಕೊಡುತ್ತೇವೆ ಎಂದು ಯಾರಾದರೂ ಬಂದರೆ ಅದು ಬೇರೆ ಜಾತಿಯ ತಂತ್ರಾಂಶ, ಅದಕ್ಕೆ ಬೇರೆ ಸಭೆ ಕರೆಯಿರಿ. ಎಲ್‌ಎಂಎಸ್‌ಗೆ ಬೇಕಾಗುವುದು ವಿದ್ಯಾರ್ಥಿಗಳ ಪಟ್ಟಿ ಮಾತ್ರ. ನೋಂದಣಿ ಸಂಖ್ಯೆಯನ್ನೇ ಲಾಗಿನ್ ಹೆಸರಾಗಿ ಇಟ್ಟುಕೊಂಡರೆ ಎರಡೂ ಕಡೆಯ ಲೆಕ್ಕ ತಾಳೆ ನೋಡಲು ಸುಲಭ.

ಎರಡನೇ ಹೆಜ್ಜೆ: ಒಂದೇ ಗಳಿಗೆಯಲ್ಲಿ ಎಷ್ಟು ಜನ?

ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಯಿತು. ತೋಳಹುಣಸೆಯ ಬಳಿಯ ಶಿವಗಂಗೋತ್ರಿ ಅದರ ಮುಖ್ಯ ಆವರಣ, ಚಿತ್ರದುರ್ಗದ ಬಳಿ ಜ್ಞಾನಗಂಗೋತ್ರಿಯಲ್ಲಿ ಸ್ನಾತಕೋತ್ತರ ಕೇಂದ್ರ, ಇವುಗಳ ಜೊತೆಗೆ ಎರಡೂ ಜಿಲ್ಲೆಗಳಲ್ಲಿ ಹರಡಿರುವ ಸಂಯೋಜಿತ ಕಾಲೇಜುಗಳು. ಇಂಥ ವಿಶ್ವವಿದ್ಯಾಲಯದಲ್ಲಿ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ ನೋಡಿ ಸರ್ವರ್ ಕೊಳ್ಳುವುದು ತಪ್ಪು ಲೆಕ್ಕ. ಬೆಳಿಗ್ಗೆ 10 ಗಂಟೆಗೆ ಕಿರುಪರೀಕ್ಷೆ ಎಂದರೆ 10 ಗಂಟೆಗೆ ಸರಿಯಾಗಿ ಎಷ್ಟು ಜನ ಗುಂಡಿ ಒತ್ತುತ್ತಾರೆ ಎಂಬುದೇ ನಿಮ್ಮ ಸಂಖ್ಯೆ.

ಮೂಡಲ್‌ಗೆ ಹಳೆಯದೊಂದು ಅಂದಾಜಿದೆ: ಒಂದು ಜಿಬಿ ರ‍್ಯಾಮ್‌ಗೆ ಏಕಕಾಲಕ್ಕೆ 10ರಿಂದ 20 ಜನ. ಬಳಕೆ ಹೇಗಿದೆ ಎಂಬುದರ ಮೇಲೆ ಹೆಚ್ಚುಕಡಿಮೆ ಆಗುತ್ತದೆ, ಆದರೆ ಮೊದಲ ಲೆಕ್ಕಕ್ಕೆ ಸಾಕು. 600 ಜನ ಒಟ್ಟಿಗೆ ಪರೀಕ್ಷೆ ಬರೆದರೆ 30ರಿಂದ 60 ಜಿಬಿ ಬೇಕು. ಅದೇ ಪರೀಕ್ಷೆಯನ್ನು ಅರ್ಧ ಗಂಟೆಯ ಅಂತರದಲ್ಲಿ ನಾಲ್ಕು ತಂಡ ಮಾಡಿದರೆ 150 ಜನರ ಲೆಕ್ಕ ಹಾಕಿದರಾಯಿತು. ವೇಳಾಪಟ್ಟಿ ಬರೆಯುವವರನ್ನು ಸಮಿತಿಯಲ್ಲಿ ಸೇರಿಸಿಕೊಳ್ಳಿ ಎಂದು ನಾನು ಒತ್ತಾಯ ಮಾಡುವುದು ಇದಕ್ಕೇ.

ಮೂರನೇ ಹೆಜ್ಜೆ: ಅಂಕ ಹಂಚಿಕೆ ಮೊದಲೇ ಆಗಲಿ

ಡೆಮೊ ನೋಡುವ ಮುಂಚೆಯೇ ಯಾವುದಕ್ಕೆ ಎಷ್ಟು ಅಂಕ ಎಂದು ಗೊತ್ತುಮಾಡಿ. ನೋಡಿದ ಮೇಲೆ ಅಂಕ ಹಂಚಿದರೆ ಅಂದವಾಗಿ ಕಂಡದ್ದಕ್ಕೇ ಮನಸ್ಸು ವಾಲುತ್ತದೆ. ನನ್ನ ಹಂಚಿಕೆ ಹೀಗಿದೆ: ನಮ್ಮವರೇ ನಡೆಸಬಲ್ಲರೇ ಎಂಬುದಕ್ಕೆ 30, ಕನ್ನಡ ಸರಿಯಾಗಿ ಬರುತ್ತದೆಯೇ ಎಂಬುದಕ್ಕೆ 25, ಸಾಧಾರಣ ಫೋನಿನಲ್ಲಿ, ಕಡಿಮೆ ಸಿಗ್ನಲ್‌ನಲ್ಲಿ ಬಳಸಲು ಆಗುತ್ತದೆಯೇ ಎಂಬುದಕ್ಕೆ 20, ಬಿಟ್ಟು ಹೊರಡಬೇಕಾದರೆ ಮಾಹಿತಿಯೆಲ್ಲ ನಮ್ಮ ಕೈಗೆ ಬರುತ್ತದೆಯೇ ಎಂಬುದಕ್ಕೆ 15. ಉಳಿದ ಎಲ್ಲ ಸೌಲಭ್ಯಗಳಿಗೂ ಸೇರಿ 10. ಸೌಲಭ್ಯಕ್ಕೆ ಇಷ್ಟು ಕಡಿಮೆಯೇ ಎಂದು ಕೇಳುತ್ತಾರೆ. ಹೆಸರಾಂತ ಎಲ್‌ಎಂಎಸ್‌ಗಳಲ್ಲೆಲ್ಲ ನಿಮ್ಮ ಮೊದಲ ಹೆಜ್ಜೆಯ ಪಟ್ಟಿ ಸಲೀಸಾಗಿ ಮುಗಿಯುತ್ತದೆ, ಹಾಗಾಗಿ ಅದರಲ್ಲಿ ತಾರತಮ್ಯ ಕಾಣುವುದಿಲ್ಲ.

ನಾಲ್ಕನೇ ಹೆಜ್ಜೆ: ಕಣದಲ್ಲಿರುವವರು

ಮೂಡಲ್‌ನ ಮೊದಲ ಆವೃತ್ತಿಯನ್ನು ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದ ಮಾರ್ಟಿನ್ ಡೂಗಿಯಾಮಸ್ 2002ರಲ್ಲಿ ಬಿಡುಗಡೆ ಮಾಡಿದರು. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, ಮರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ನಡೆಯುತ್ತದೆ, ಲೈಸೆನ್ಸ್ ಜಿಪಿಎಲ್ ಎಂಬ ಮುಕ್ತ ಪರವಾನಗಿ. ಪಿಎಚ್‌ಪಿ ಎಂಬುದು ನಮಗೆ ದೊಡ್ಡ ಅನುಕೂಲ. ದಾವಣಗೆರೆಯಲ್ಲೇ ಬಿಸಿಎ ಮುಗಿಸಿದ ಹುಡುಗ ಹುಡುಗಿಯರಲ್ಲಿ ಅದನ್ನು ಬಲ್ಲವರು ಸಿಗುತ್ತಾರೆ. ಪರದೆ ಮೊದಲ ನೋಟಕ್ಕೆ ಗೊಂದಲ ಅನ್ನಿಸುತ್ತದೆ, ಸೆಟ್ಟಿಂಗ್‌ಗಳು ಅತಿಯಾಗಿವೆ. ಶಿಕ್ಷಕರಿಗೆ ತರಬೇತಿ ಕೊಡುವಾಗ ಮುಕ್ಕಾಲು ಪಾಲು ಆಯ್ಕೆಗಳನ್ನು ಮುಟ್ಟಲೇಬೇಡಿ ಎಂದು ಹೇಳಬೇಕಾಗುತ್ತದೆ. ನೋಡಬೇಕೆಂದರೆ ಮೂಡಲ್‌ನವರೇ ಮೌಂಟ್ ಆರೆಂಜ್ ಎಂಬ ಹೆಸರಿನಲ್ಲಿ ಒಂದು ಮಾದರಿ ಶಾಲೆಯನ್ನು ಜಾಲದಲ್ಲಿ ಇಟ್ಟಿದ್ದಾರೆ.

ಓಪನ್ ಎಡ್‌ಎಕ್ಸ್‌ನ ಹುಟ್ಟು ಎಂಐಟಿ ಮತ್ತು ಹಾರ್ವರ್ಡ್ 2012ರಲ್ಲಿ ಶುರುಮಾಡಿದ ಎಡ್‌ಎಕ್ಸ್‌ನಲ್ಲಿ. ಮುಂದಿನ ವರ್ಷ ಅದರ ಕೋಡ್ ಮುಕ್ತವಾಯಿತು. ನಮ್ಮಲ್ಲಿ ಐಐಟಿ ಬಾಂಬೆಯ ಐಐಟಿಬಾಂಬೆಎಕ್ಸ್ ಇದರ ಮೇಲೆಯೇ ಕಟ್ಟಿದ್ದು. ಸಾವಿರಾರು ಜನ ತಮ್ಮಷ್ಟಕ್ಕೆ ವಿಡಿಯೋ ನೋಡಿ ಕಲಿಯುವ ಕೋರ್ಸಿಗೆ ಇದು ಬಹಳ ಚೆನ್ನಾಗಿದೆ. ಆದರೆ 60 ಜನರ ತರಗತಿ, ವಾರವಾರದ ಅಸೈನ್‌ಮೆಂಟ್ ಎಂಬ ನಮ್ಮ ರೀತಿಗೆ ಅದು ಹೊಲಿದ ಅಂಗಿಯಲ್ಲ. ಒಳಗೆ ಪೈಥಾನ್, ಮೈಎಸ್‌ಕ್ಯೂಎಲ್, ಮಾಂಗೋಡಿಬಿ ಎಲ್ಲ ಸೇರಿವೆ. ಟ್ಯೂಟರ್ ಎಂಬ ಸಾಧನ ಬಂದ ಮೇಲೆ ಅಳವಡಿಕೆ ಸುಲಭವಾಗಿದೆಯಾದರೂ ಕೆಟ್ಟಾಗ ರಿಪೇರಿ ಮಾಡಲು ಡಾಕರ್ ಎಂಬ ಸರ್ವರ್ ಸಾಧನ ಬಲ್ಲವರೇ ಬೇಕು.

ಕ್ಯಾನ್ವಾಸ್ ಶಿಕ್ಷಕರ ಕಣ್ಣಿಗೆ ಹಿತ, ನನಗೂ ಅದರ ಪರದೆ ಇಷ್ಟ. ಅಮೆರಿಕದ ಇನ್‌ಸ್ಟ್ರಕ್ಚರ್ ಕಂಪನಿ 2011ರಲ್ಲಿ ಅದರ ಕೋಡ್ ಮುಕ್ತಗೊಳಿಸಿತು. ಆದರೆ ಕಂಪನಿ ಹಣಕ್ಕೆ ಕೊಡುವ ಸೇವೆಯಲ್ಲಿರುವ ಕೆಲವು ಅಂಗಗಳು ಮುಕ್ತ ಆವೃತ್ತಿಯಲ್ಲಿಲ್ಲ, ಅದನ್ನು ಬರೆದಿರುವ ರೂಬಿ ಭಾಷೆ ಬಲ್ಲವರು ನಮ್ಮ ಊರಲ್ಲಿ ಅಪರೂಪ, ಸ್ವಂತ ಸರ್ವರ್‌ನಲ್ಲಿ ನಡೆಸುವವರೂ ಕಡಿಮೆ. ತೊಂದರೆಯಾದಾಗ ಕೇಳಲು ಜೊತೆಗಾರರಿರಬೇಕು.

ಸಕಾಯ್, ಇಲಿಯಾಸ್, ಚಮಿಲೊ ಕೂಡ ಗೌರವಾನ್ವಿತ ತಂತ್ರಾಂಶಗಳೇ. ಆದರೆ ಇಲ್ಲಿ ಅವುಗಳ ಅನುಭವವಿರುವವರು ನನಗೆ ಸಿಕ್ಕಿಲ್ಲ, ಆದ್ದರಿಂದ ಮುಂದುವರಿಯುತ್ತೇನೆ. ಮುಂಬೈನ ಫ್ರಾಪೆ ಕಂಪನಿಯವರ ಎಲ್‌ಎಂಎಸ್ ಸಣ್ಣದು, ಚೊಕ್ಕದು. ಒಂದು ಇಲಾಖೆಯ ಸರ್ಟಿಫಿಕೇಟ್ ಕೋರ್ಸಿಗೆ ಒಪ್ಪುತ್ತದೆ.

ಗೂಗಲ್ ಕ್ಲಾಸ್‌ರೂಮ್ ಸಾಲದೇ ಎಂದು ಕೇಳುವವರಿದ್ದಾರೆ. ಅದು ಓಪನ್ ಸೋರ್ಸ್ ಅಲ್ಲ. 2022ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಕೊಡುತ್ತಿದ್ದ ಅಪರಿಮಿತ ಜಾಗ ನಿಂತು, ಉಚಿತ ಯೋಜನೆಯಲ್ಲಿ ಇಡೀ ಸಂಸ್ಥೆಗೆ 100 ಟಿಬಿ ಎಂಬ ಮಿತಿ ಬಂತು. ನಿಯಮ ಬದಲಾದಾಗ ನಮ್ಮ ಒಪ್ಪಿಗೆ ಯಾರೂ ಕೇಳುವುದಿಲ್ಲ ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು.

ಐದನೇ ಹೆಜ್ಜೆ: ಕನ್ನಡದ ಪರೀಕ್ಷೆ

ಕನ್ನಡ ಬೆಂಬಲ ಇದೆ ಎಂದು ಎಲ್ಲರೂ ಹೇಳುತ್ತಾರೆ. ಇದೆ ಎಂದರೆ ಎಷ್ಟರ ಮಟ್ಟಿಗೆ ಎಂದು ನಿಮ್ಮದೇ ಪ್ರಶ್ನೆಪತ್ರಿಕೆ ಹಾಕಿ ನೋಡದೆ ತಿಳಿಯುವುದಿಲ್ಲ. ನಾನು ಮಾಡುವ ಪರೀಕ್ಷೆಗಳನ್ನು ಒಂದೊಂದಾಗಿ ಹೇಳುತ್ತೇನೆ, ಯಾವ ತಂತ್ರಾಂಶಕ್ಕಾದರೂ ಮಾಡಿ ನೋಡಬಹುದು.

ಹಳೆಯ ಪ್ರಶ್ನೆಪತ್ರಿಕೆಗಳಿಂದ ಶುರುಮಾಡಿ. ನಮ್ಮ ವಿಭಾಗಗಳ ಕಂಪ್ಯೂಟರ್‌ಗಳಲ್ಲಿ ವರ್ಷಾನುಗಟ್ಟಲೆ ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ ಕಡತಗಳಿವೆ. ಅವುಗಳನ್ನು ನೇರವಾಗಿ ಬ್ರೌಸರ್‌ಗೆ ಅಂಟಿಸಿದರೆ ಕನ್ನಡದ ಬದಲು ರೋಮನ್ ಅಕ್ಷರಗಳೂ ಪೌಂಡ್ ಗುರುತುಗಳೂ ಬರುತ್ತವೆ. ಇದು ಎಲ್‌ಎಂಎಸ್‌ನ ದೋಷವಲ್ಲ, ಆ ಕಡತಗಳು ಎಲ್ಲ ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್ ಎಂಬ ಅಕ್ಷರ ಸಂಕೇತದಲ್ಲಿಲ್ಲ ಅಷ್ಟೇ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತನ್ನಿ, ಆಮೇಲೆ ಒಬ್ಬರು ಕೂತು ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ಓದಿ. ಈ ಕೆಲಸಕ್ಕೆ ಒಂದು ಸೆಮಿಸ್ಟರ್ ಹಿಡಿಯುತ್ತದೆ ಎಂದು ಯೋಜನೆಯಲ್ಲಿ ಬರೆದುಕೊಳ್ಳಿ. ಬರೆಯದಿದ್ದರೆ ಕನ್ನಡ ಮಾಧ್ಯಮದವರ ಪ್ರಶ್ನೆಕೋಶ ಖಾಲಿಯೇ ಉಳಿದು, ಇಂಗ್ಲಿಷ್ ಮಾಧ್ಯಮದವರದು ಮಾತ್ರ ತುಂಬುತ್ತದೆ.

ಮುಂದೆ ವಿದ್ಯಾರ್ಥಿಗಳ ಪಟ್ಟಿ. ಎಕ್ಸೆಲ್‌ನಿಂದ ಮಾಮೂಲಿ ಸಿಎಸ್‌ವಿಯಾಗಿ ಉಳಿಸಿದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಯುಟಿಎಫ್-8 ಸಿಎಸ್‌ವಿ ಎಂಬ ಆಯ್ಕೆಯಲ್ಲೇ ಉಳಿಸಬೇಕು, ಇಲ್ಲವೇ ಲಿಬ್ರೆ ಆಫೀಸ್ ಬಳಸಬೇಕು.

ಇನ್ನು ತಾನಾಗಿ ಅಂಕ ಕೊಡುವ ಕಿರು ಉತ್ತರಗಳು. ಒಬ್ಬ ವಿದ್ಯಾರ್ಥಿ "ಸೂರ್ಯ" ಎಂದು ಬರೆಯುತ್ತಾನೆ, ಇನ್ನೊಬ್ಬಳು "ಸೂರ‍್ಯ" ಎಂದು ಬರೆಯುತ್ತಾಳೆ. ಓದುವ ನಮಗೆ ಎರಡೂ ಒಂದೇ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದು ಸೇರಿರುವುದರಿಂದ ಕಂಪ್ಯೂಟರ್‌ಗೆ ಅವು ಬೇರೆ ಬೇರೆ. ಅಂಕಿಗಳೂ ಹಾಗೆಯೇ, ೧೨ ಎಂದು ಬರೆದವರಿಗೂ 12 ಎಂದು ಬರೆದವರಿಗೂ ಬೇರೆ ಬೇರೆ ಅಂಕ ಬರಬಹುದು. ಮೊದಲ ವರ್ಷ ನಮ್ಮಲ್ಲಿ ಸರಿಯಾದ ಉತ್ತರ ಬರೆದ ಮಕ್ಕಳಿಗೆ ಸೊನ್ನೆ ಬಂದಿತ್ತು. ಒಬ್ಬ ಹುಡುಗಿ ಧೈರ್ಯ ಮಾಡಿ ಬಂದು ಕೇಳಿದ್ದರಿಂದ ಗೊತ್ತಾಯಿತು. ಕೇಳದೆ ಸುಮ್ಮನಿದ್ದವರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಎರಡೂ ರೂಪಗಳನ್ನು ಸರಿಯುತ್ತರವಾಗಿ ಸೇರಿಸಿ, ಇಲ್ಲವಾದರೆ ಅಂಥ ಕಡೆ ಬಹು ಆಯ್ಕೆಯ ಪ್ರಶ್ನೆಯನ್ನೇ ಕೊಡಿ.

ಪಿಡಿಎಫ್ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಪರದೆಯ ಮೇಲೆ ಕನ್ನಡ ಚೆನ್ನಾಗಿ ಬಂದರೂ ಪ್ರಮಾಣಪತ್ರದಲ್ಲಿ ಹೆಸರು ಮುರಿದು ಬರಬಹುದು. ಮೂಡಲ್‌ನೊಳಗೆ ಪಿಡಿಎಫ್ ತಯಾರಿಸುವ ಟಿಸಿಪಿಡಿಎಫ್ ಭಾರತೀಯ ಲಿಪಿಗಳ ಒತ್ತಕ್ಷರ ಕೂಡಿಸುವುದಿಲ್ಲ. ಕೃಷ್ಣಪ್ಪ ಎಂಬ ಹೆಸರು ಕೃಷ್‌ಣಪ್‌ಪ ಎಂದು ಅಚ್ಚಾಗುತ್ತದೆ. ಮನೆಯಲ್ಲಿ ಗೋಡೆಗೆ ಹಾಕುವ ಕಾಗದದಲ್ಲಿ ಹೆಸರು ಹೀಗೆ ಬರಬಾರದು. ಕನ್ನಡದ ಪ್ರಮಾಣಪತ್ರವನ್ನು ವೆಬ್ ಪುಟವಾಗಿ ತೋರಿಸಿ, ಬ್ರೌಸರ್‌ನ ಪ್ರಿಂಟ್ ಆಯ್ಕೆಯಿಂದಲೇ ಪಿಡಿಎಫ್ ಮಾಡಿಕೊಂಡರೆ ಅಕ್ಷರ ಸರಿಯಾಗಿ ಬರುತ್ತದೆ. ಪರೀಕ್ಷೆಗೆ ರಾಷ್ಟ್ರಕೂಟ, ಕಾರ್ಯಾಂಗ, ಅರ್ಥಶಾಸ್ತ್ರ, ಚಿತ್ರದುರ್ಗ ಈ ನಾಲ್ಕು ಪದ ಸಾಕು.

ಕೊನೆಗೆ ಗುಂಡಿಗಳ ಮೇಲಿನ ಮಾತು. ಮೂಡಲ್‌ಗೆ ಕನ್ನಡ ಭಾಷಾ ಪ್ಯಾಕ್ ಇದೆ, ಆದರೆ ಪೂರ್ತಿ ಅನುವಾದವಾಗಿಲ್ಲ. ಅನುವಾದವಾಗದ ಕಡೆ ಇಂಗ್ಲಿಷೇ ಕಾಣುತ್ತದೆ. ಇಡೀ ಪ್ಯಾಕ್ ಅನುವಾದಿಸುವ ಹಟ ಬೇಡ. ವಿದ್ಯಾರ್ಥಿ ದಿನಾ ಒತ್ತುವ ಐವತ್ತು ಅರವತ್ತು ಮಾತುಗಳನ್ನು ಭಾಷಾ ಸೆಟ್ಟಿಂಗ್‌ನೊಳಗೆ ನೀವೇ ಬದಲಿಸಿಕೊಳ್ಳಬಹುದು. ಬದಲಿಸುವಾಗ ಮಕ್ಕಳು ಆಡುವ ಮಾತನ್ನೇ ಹಾಕಿ. "ನಿಯೋಜಿತ ಕಾರ್ಯ" ಎಂದರೆ ಯಾರಿಗೂ ತಿಳಿಯಲಿಲ್ಲ, "ಅಸೈನ್‌ಮೆಂಟ್ ಕಳಿಸಿ" ಎಂದಾಗ ಎಲ್ಲರೂ ಕಳಿಸಿದರು.

ಆರನೇ ಹೆಜ್ಜೆ: ಫೋನ್, ಬಸ್ಸು, ಹೊಲ

ಸಮಿತಿಯ ಕೋಣೆಯ ವೈಫೈನಲ್ಲಿ ಡೆಮೊ ನೋಡಿ ತೀರ್ಮಾನ ಮಾಡಬೇಡಿ. ಜಗಳೂರು ಕಡೆಯ ಹುಡುಗನೊಬ್ಬ ನನಗೆ ಹೇಳಿದ್ದು ನೆನಪಿದೆ: "ಮನ್ಯಾಗ ನೆಟ್ ಬರಲ್ಲ ಸರ್, ಹೊಲದ ಕಡೆ ಹೋದ್ರೆ ಬರ್ತತಿ." ಅಂಥವರ ಫೋನಿನಲ್ಲಿ ಜಾಗವೂ ಕಡಿಮೆ, ಡೇಟಾ ಅಪ್ಪನ ರೀಚಾರ್ಜ್ ಮೇಲೆ ನಿಂತಿರುತ್ತದೆ. ಮೆಕ್ಕೆಜೋಳದ ಕಟಾವಿನ ದಿನಗಳಲ್ಲಿ ತರಗತಿಗೂ ಬರುವುದಿಲ್ಲ.

ಆದ್ದರಿಂದ ಸಾಧಾರಣ ಆಂಡ್ರಾಯ್ಡ್ ಫೋನ್ ಒಂದನ್ನು ಹಿಡಿದು ದಾವಣಗೆರೆಯಿಂದ ಜಗಳೂರಿಗೋ ಚಳ್ಳಕೆರೆಯಿಂದ ಮೊಳಕಾಲ್ಮುರಿಗೋ ಬಸ್ಸಿನಲ್ಲಿ ಹೋಗುತ್ತಾ ಮೂರು ಕೆಲಸ ಮಾಡಿ ನೋಡಿ. ನೋಟ್ಸ್ ಇಳಿಸಿಕೊಳ್ಳಿ, ಕೈಬರಹದ ಉತ್ತರದ ಫೋಟೊ ತೆಗೆದು ಕಳಿಸಿ, ಸಿಗ್ನಲ್ ಹೋಗಿ ಬರುವ ಕಡೆ ಹತ್ತು ಪ್ರಶ್ನೆಯ ಕ್ವಿಜ್ ಮುಗಿಸಿ. ಮೂಡಲ್‌ನ ಆ್ಯಪ್‌ನಲ್ಲಿ ಪಾಠ ಇಳಿಸಿಟ್ಟುಕೊಂಡು ನೆಟ್ ಇಲ್ಲದೆ ಓದಬಹುದು, ಶಿಕ್ಷಕರು ಅನುಮತಿ ಕೊಟ್ಟಿದ್ದರೆ ಕ್ವಿಜ್ ಕೂಡ ಬರೆದು ಆಮೇಲೆ ಕಳಿಸಬಹುದು. ನಮ್ಮ ಎರಡು ಜಿಲ್ಲೆಗಳ ಮಟ್ಟಿಗೆ ಇದೊಂದೇ ಗುಣ ಅದನ್ನು ಬಹಳ ಮುಂದಕ್ಕೆ ತರುತ್ತದೆ. ಆದರೆ ಆ್ಯಪ್‌ನ ಉಚಿತ ಹಂತದಲ್ಲಿ ಸೂಚನೆಗಳಿಗೂ ಇಳಿಸಿಡುವ ಕೋರ್ಸುಗಳಿಗೂ ಮಿತಿಯಿದೆ, ಮೊದಲೇ ಓದಿಕೊಳ್ಳಿ.

ವಿಡಿಯೋ ವಿಷಯದಲ್ಲಿ ಎರಡೇ ಮಾತು. ಒಂದು ಗಂಟೆಯ ಪಾಠವನ್ನು ಹತ್ತು ನಿಮಿಷದ ತುಂಡು ಮಾಡಿ, ಜೊತೆಗೆ ಬರಿಯ ಧ್ವನಿಯ ಕಡತವನ್ನೂ ಇಡಿ. ನೇರ ತರಗತಿಗೆ ಬಿಗ್‌ಬ್ಲೂಬಟನ್ ಎಂಬ ಮುಕ್ತ ತಂತ್ರಾಂಶವಿದೆ, ಆದರೆ ಅದನ್ನು ಎಲ್‌ಎಂಎಸ್ ಇರುವ ಸರ್ವರ್‌ನಲ್ಲಿ ಹಾಕಬೇಡಿ, ಅದಕ್ಕೇ ಬೇರೆ ಗಟ್ಟಿ ಯಂತ್ರ ಬೇಕು. ದೃಷ್ಟಿ ತೊಂದರೆಯಿರುವ ವಿದ್ಯಾರ್ಥಿಯೊಬ್ಬರನ್ನು ಕೂರಿಸಿ ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಸ್ಕ್ರೀನ್ ರೀಡರ್‌ನಲ್ಲಿ ಅಸೈನ್‌ಮೆಂಟ್ ಕಳಿಸಲು ಹೇಳಿ. ಅವರಿಗೆ ಆಗದಿದ್ದರೆ ನಿಮ್ಮ ಅಂಕಪಟ್ಟಿಯಲ್ಲಿ ಕಳೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಇದು ನಮ್ಮ ಕರ್ತವ್ಯ.

ಏಳನೇ ಹೆಜ್ಜೆ: ನಡೆಸುವವರು ಯಾರು?

ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ ಎಂದಾಕ್ಷಣ ಹಣಕಾಸು ವಿಭಾಗದವರು ಬಜೆಟ್‌ನಲ್ಲಿ ಸೊನ್ನೆ ಬರೆಯುತ್ತಾರೆ. ಸರ್ವರ್, ಬ್ಯಾಕಪ್‌ಗೆ ಜಾಗ, ಇಬ್ಬರು ಜನ ಇಷ್ಟಕ್ಕೆ ಪ್ರತಿವರ್ಷ ಹಣ ಬೇಕು. ಒಬ್ಬರೇ ಇದ್ದರೆ ಅವರು ಮದುವೆಗೆ ಹೋದ ದಿನವೇ ಸರ್ವರ್ ನಿಲ್ಲುತ್ತದೆ, ಇದು ನನ್ನ ಅನುಭವ. ಒಬ್ಬರು ಸರ್ವರ್ ನೋಡಲಿ, ಇನ್ನೊಬ್ಬರು ಶಿಕ್ಷಕರಿಗೆ ನೆರವಾಗಲಿ, ಇಬ್ಬರಿಗೂ ಇನ್ನೊಬ್ಬರ ಕೆಲಸ ಗೊತ್ತಿರಲಿ. ಎಲ್ಲವನ್ನೂ ಬರೆದಿಟ್ಟ ಒಂದು ಕಡತವಿರಲಿ. ಮೂಡಲ್‌ನ ಕ್ರಾನ್ (ಹಿನ್ನೆಲೆಯ ಕೆಲಸಗಳನ್ನು ತಾನಾಗಿ ಮಾಡುವ ಭಾಗ) ಪ್ರತಿ ನಿಮಿಷಕ್ಕೊಮ್ಮೆ ಓಡಬೇಕು ಎಂಬಂಥ ಸಣ್ಣ ಸಂಗತಿ ತಿಳಿಯದೆ ವಾರಗಟ್ಟಲೆ ಇಮೇಲ್ ಹೋಗದೆ ನಿಂತಿರುವುದನ್ನು ನೋಡಿದ್ದೇನೆ.

ಆವೃತ್ತಿಯ ಆಯ್ಕೆಯೂ ಇದರದೇ ಭಾಗ. ಮೂಡಲ್ ವರ್ಷಕ್ಕೆ ಎರಡು ದೊಡ್ಡ ಆವೃತ್ತಿ ತರುತ್ತದೆ. ಪ್ರತಿಯೊಂದರ ಹಿಂದೆ ಓಡಬೇಕಿಲ್ಲ, ದೀರ್ಘ ಬೆಂಬಲದ ಆವೃತ್ತಿಯಲ್ಲಿ ನಿಲ್ಲಿ. 2024ರ ಅಕ್ಟೋಬರ್‌ನಲ್ಲಿ ಬಂದ 4.5 ಅಂಥದ್ದು, ಅದಕ್ಕೆ 2027ರ ಅಕ್ಟೋಬರ್‌ವರೆಗೆ ಭದ್ರತಾ ತಿದ್ದುಪಡಿಗಳು ಬರುತ್ತವೆ. ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ತುಣುಕು) ಹಾಕುವ ಆಸೆಗೆ ಕಡಿವಾಣ ಬೇಕು. ಒಂದೊಂದು ಪ್ಲಗಿನ್ ಕೂಡ ಮುಂದಿನ ಅಪ್‌ಗ್ರೇಡ್‌ನಲ್ಲಿ ಕಾಲಿಗೆ ಸುತ್ತಿಕೊಳ್ಳುವ ಬಳ್ಳಿ.

ಹೊರಗಿನ ಏಜೆನ್ಸಿಗೆ ಕೊಡುವುದಾದರೆ ಟೆಂಡರ್‌ನಲ್ಲೇ ಬರೆಯಬೇಕಾದವು ಇವೆ. ಸರ್ವರ್‌ನ ಮೂಲ ಪಾಸ್‌ವರ್ಡ್ ವಿಶ್ವವಿದ್ಯಾಲಯದ ಬಳಿಯೂ ಇರಬೇಕು. ವಿಳಾಸ ವಿಶ್ವವಿದ್ಯಾಲಯದ ಸ್ವಂತ ಡೊಮೈನ್‌ನ ಅಡಿಯಲ್ಲೇ ಇರಬೇಕು, ನಮ್ಮ ದೇಶದ ಶಿಕ್ಷಣ ಸಂಸ್ಥೆಗಳ ಎಸಿ ಡಾಟ್ ಇನ್ ವಿಳಾಸಗಳನ್ನು ನೋಂದಾಯಿಸುವುದು ಅರ್ನೆಟ್ ಇಂಡಿಯಾ. ತಿಂಗಳಿಗೊಮ್ಮೆ ಪೂರ್ತಿ ಬ್ಯಾಕಪ್ ನಮ್ಮ ಕೈಗೆ ಬರಬೇಕು. ಅವರು ಬರೆದ ಹೆಚ್ಚುವರಿ ಕೋಡ್ ನಮಗೆ ಸೇರಬೇಕು. ನನಗೆ ಗೊತ್ತಿರುವ ಒಂದು ಕಾಲೇಜಿನಲ್ಲಿ ವಿಳಾಸ ಏಜೆನ್ಸಿಯ ಉದ್ಯೋಗಿಯ ಹೆಸರಿನಲ್ಲಿತ್ತು. ಅವರು ಕೆಲಸ ಬಿಟ್ಟರು, ನವೀಕರಣ ಆಗಲಿಲ್ಲ, ಎರಡು ವರ್ಷದ ಪಾಠಗಳ ಕೊಂಡಿಗಳೆಲ್ಲ ಸತ್ತವು.

ಲೈಸೆನ್ಸ್ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು: ಮೂಡಲ್‌ನ ಜಿಪಿಎಲ್ ಪ್ರಕಾರ ನಮ್ಮ ಸರ್ವರ್‌ನಲ್ಲಿ ಮಾಡಿಕೊಂಡ ಬದಲಾವಣೆ ನಮ್ಮಲ್ಲೇ ಇರಬಹುದು. ಕ್ಯಾನ್ವಾಸ್, ಓಪನ್ ಎಡ್‌ಎಕ್ಸ್‌ನ ಎಜಿಪಿಎಲ್ ಪ್ರಕಾರ ಬದಲಿಸಿದ ಕೋಡನ್ನು ತಾಣ ಬಳಸುವವರಿಗೂ ಸಿಗುವಂತೆ ಮಾಡಬೇಕು. ಮಕ್ಕಳ ಮಾಹಿತಿಯ ವಿಷಯದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿದೆ. ಆಧಾರ್ ಸಂಖ್ಯೆ, ಜಾತಿ, ಆದಾಯ ಇವುಗಳಿಗೆ ಎಲ್‌ಎಂಎಸ್‌ನಲ್ಲಿ ಯಾವ ಕೆಲಸವೂ ಇಲ್ಲ, ಹಾಕಲೇಬೇಡಿ.

ಎಂಟನೇ ಹೆಜ್ಜೆ: ಒಂದು ಸೆಮಿಸ್ಟರ್ ಪ್ರಯೋಗ

ಅಂಕ ಹೆಚ್ಚು ಬಂದ ಒಂದನ್ನೇ, ಹೆಚ್ಚೆಂದರೆ ಎರಡನ್ನು, ಮೂರು ಕಡೆ ಹಾಕಿ: ಶಿವಗಂಗೋತ್ರಿಯ ಒಂದು ವಿಭಾಗ, ಜ್ಞಾನಗಂಗೋತ್ರಿಯ ಒಂದು ವಿಭಾಗ, ತಾಲೂಕು ಕೇಂದ್ರದ ಒಂದು ಸಂಯೋಜಿತ ಕಾಲೇಜು. ಕಂಪ್ಯೂಟರ್ ಸೈನ್ಸ್ ವಿಭಾಗವನ್ನು ಆರಿಸಬೇಡಿ, ಅಲ್ಲಿ ಎಲ್ಲವೂ ಸಲೀಸಾಗಿ ನಡೆದು ನಿಮಗೆ ಏನೂ ತಿಳಿಯುವುದಿಲ್ಲ. ಕನ್ನಡ, ಇತಿಹಾಸ, ವಾಣಿಜ್ಯ ವಿಭಾಗಗಳು ಸರಿ.

ಕೋರ್ಸುಗಳ ವಿಂಗಡಣೆಯಲ್ಲಿ ಪಠ್ಯಕ್ರಮದ ವರ್ಷವನ್ನೂ ಸೇರಿಸಿ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ವರ್ಷ ನಮೂದಿಸದ ಕಡೆ ಹಳೆಯ ಪಾಠವನ್ನು ಹೊಸ ಮಕ್ಕಳು ಓದಿಕೊಂಡು ಪರೀಕ್ಷೆಗೆ ಹೋಗುತ್ತಾರೆ. ಪ್ರಶ್ನೆಕೋಶವನ್ನು ಗಿಫ್ಟ್ ಅಥವಾ ಎಕ್ಸ್‌ಎಂಎಲ್ ಎಂಬ ಕಡತ ರೂಪದಲ್ಲಿ ಹೊರಗೂ ಒಂದು ಪ್ರತಿ ಇಡಿ, ನಾಳೆ ಬೇರೆ ತಂತ್ರಾಂಶಕ್ಕೆ ಹೋದರೂ ಒಯ್ಯಬಹುದು.

ಅತಿಥಿ ಉಪನ್ಯಾಸಕರಿಗೆ ಮೊದಲ ದಿನವೇ ಖಾತೆ ಕೊಡಿ. ಅವರು ಮಾಡಿದ ಪಾಠದ ಮೇಲೆ ಅವರ ಹೆಸರು ಉಳಿಯುವಂತೆ ನೋಡಿಕೊಳ್ಳಿ. ಊರು ಬಿಡುವಾಗ ಅವರ ಪಾಠದ ಒಂದು ಪ್ರತಿಯನ್ನು ಅವರಿಗೂ ಕೊಟ್ಟು ಕಳಿಸಿ.

ಒಂಬತ್ತನೇ ಹೆಜ್ಜೆ: ಖಾಲಿ ಯಂತ್ರದ ಮೇಲೆ

ಪ್ರಯೋಗ ಮುಗಿದ ವಾರ ಒಂದು ಖಾಲಿ ಕಂಪ್ಯೂಟರ್ ತನ್ನಿ. ತಾಣವನ್ನು ಕಟ್ಟಿದವರು ಆ ಕೋಣೆಯಲ್ಲಿರಬಾರದು. ಅವರು ಬರೆದಿಟ್ಟ ಕಡತ, ಹಿಂದಿನ ರಾತ್ರಿಯ ಬ್ಯಾಕಪ್ ಇವೆರಡನ್ನು ಮಾತ್ರ ಎರಡನೆಯವರ ಕೈಗೆ ಕೊಟ್ಟು, ತಾಣವನ್ನು ಮತ್ತೆ ಎಬ್ಬಿಸಲು ಹೇಳಿ. ಮೂಡಲ್ ಆದರೆ ಮೂರು ವಸ್ತು ಬೇಕು: ಡೇಟಾಬೇಸ್, ಮೂಡಲ್‌ಡೇಟಾ ಎಂಬ ಕಡತಕೋಶ, ಕೋಡ್. ಡೇಟಾಬೇಸ್ ಮಾತ್ರ ಉಳಿಸಿ, ಮಕ್ಕಳು ಕಳಿಸಿದ ಕಡತಗಳೆಲ್ಲ ಇರುವ ಮೂಡಲ್‌ಡೇಟಾ ಮರೆತವರನ್ನು ಕಂಡಿದ್ದೇನೆ.

ಒಂದು ದಿನ ಹಿಡಿಯಲಿ, ಎರಡು ದಿನ ಹಿಡಿಯಲಿ. ಎದ್ದ ಮೇಲೆ ಸಂಯೋಜಿತ ಕಾಲೇಜಿನ ಯಾವುದಾದರೂ ಒಂದು ನೋಂದಣಿ ಸಂಖ್ಯೆ ಆರಿಸಿ, ಮೊದಲ ಆಂತರಿಕ ಪರೀಕ್ಷೆಯ ಕೈಬರಹದ ಉತ್ತರ ತೆರೆಯಿರಿ. ಫೋಟೊ ಕಾಣಬೇಕು, ಮೇಷ್ಟ್ರು ಬರೆದ ಟಿಪ್ಪಣಿ ಕಾಣಬೇಕು, ಅಂಕ ಕಾಣಬೇಕು, ಹೆಸರಿನ ಒತ್ತಕ್ಷರ ಸರಿಯಿರಬೇಕು. ಇಷ್ಟು ಕಂಡ ಮೇಲೆ ಸಮಿತಿಯ ವರದಿಗೆ ಸಹಿ ಹಾಕಿ.